ಮನಿಯವ್ರು ಅಂತ ಬರೆಸಿದ ಫೋಟೊ

ತೀರಿಹೋದ ನಮ್ಮ ಮನೆಯವರ ಮುಖ ಉಳಿದದ್ದು ಒಂದೇ ಫೋಟೊದಲ್ಲಿ. ಹಂಪಸಾಗರದ ಮನೆಯ ಗೋಡೆಯ ತೇವಕ್ಕೆ ಅದು ಗಾಜಿಗೆ ಅಂಟಿಕೊಂಡಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿರುವ ನಾಗರತ್ನ ಗಾಜಿನ ಮೇಲಿಂದಲೇ ಅದರ ಚಿತ್ರ ತೆಗೆದು, ಹಳೆಯ ಫೋಟೊ ಸರಿಮಾಡುವ ಒಂದು ಕಂಪನಿಯ ವೆಬ್‌ಸೈಟಿಗೆ ಕಳಿಸಿದಳು. ಜಾಗ ಸಾಲದೆಂದು ತನ್ನ ಮೊಬೈಲಿನಿಂದ ಅಳಿಸಿದಳು. ಮನೆಗೆ ಹೋಗಿ ನಾನು ಗಾಜು ಬಿಡಿಸಿದೆ. ಮುಖ ಗಾಜಿನ ಜೊತೆ ಕಿತ್ತುಬಂತು, ಒರೆಸಿದರೆ ಪುಡಿಯಾಯಿತು.

ಕಳಿಸುವಾಗ ನಾಗರತ್ನ ಫೋಟೊದವರ ಹೆಸರು ಕೇಳಿದ್ದಳು.

“ನಮ್ಮ ಮನಿಯವ್ರು.”

“ಗಾಳೆಮ್ಮಜ್ಜಿ, ಹೆಸರು ಬೇಕಬೇ.”

“ನಲವತ್ತು ವರ್ಷ ಸಂಸಾರ ಮಾಡಿದಾಗ ಕರೀಲಿಲ್ಲ, ಈಗ ನಿನ್ನ ಡಬ್ಬಿ ಮುಂದ ಕರೀಲೇನು?”

ನಕ್ಕು, ಹಾಗೆಯೇ ಬರೆದು, ಒಂದು ನಂಬರಿನ ಚೀಟಿ ಕೊಟ್ಟಳು. ಅದನ್ನು ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು ಎರಡು ತಿಂಗಳು ಓಡಾಡಿದೆ. ಫೋಟೊ ಬರಲಿಲ್ಲ. ಕೊನೆಗೆ ಅವಳೇ ಕಂಪನಿಗೆ ಫೋನು ಹಚ್ಚಿ, ನನಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು. ಎತ್ತಿದವನು ಪ್ರಬುದ್ಧ ಎಂಬ ಹುಡುಗ, ತೆಲಿಗಿ ಊರಿನವನಂತೆ.

“ಹೆಸರು ಹೇಳ್ರಿ, ಅಜ್ಜಿ.”

“ಅಕಿ ಹೇಳಂಗಿಲ್ಲ,” ಎಂದು ನಾಗರತ್ನ ಚೀಟಿಯ ನಂಬರ್ ಓದಿದಳು.

“ಇದಾದ್ರೂ ಸಾಕು. ಕಳಿಸಿದ ಒಂದೊಂದಕ್ಕೂ ಒಂದು ನಂಬರ್ ಬೀಳತೈತಿ. ಯಾವ ಪ್ರೋಗ್ರಾಮ್ ಮುಟ್ಟಿದ್ರೂ ಆ ನಂಬರ್ ಬರೆದಿಡತೈತಿ. ಆ ಬರಹಕ್ಕ ಲಾಗ್ ಅಂತೀವಿ.”

“ಕುರಿ ಕಿವಿ ಕೊಯ್ದ ಗುರುತಿನಂಗ,” ಎಂದೆ. ಕುರಿ ತಪ್ಪಿಸಿಕೊಂಡರೆ ನಮ್ಮವರು ಊರೂರಿಗೆ ಹೋಗಿ ಆ ಗುರುತನ್ನೇ ಕೇಳುತ್ತಿದ್ದರು.

“ಹೂಂ, ಅಂಗೇ. ಬಂದು ಮುಟ್ಟೈತಿ. ಸರಿಮಾಡೋ ಪ್ರೋಗ್ರಾಮಿಗೂ ಕೊಟ್ಟೈತಿ...” ಕೀಲಿ ಒತ್ತುವ ಸದ್ದು ಕೇಳಿತು. “ಅಲ್ಲಿಂದ ಮುಂದ ಈ ನಂಬರ್ ಇಲ್ಲ. ಆ ಪ್ರೋಗ್ರಾಮ್ ತನ್ನದೇ ಹೊಸ ನಂಬರ್ ಹಾಕೈತಿ, ಹಳೇದು ಬರೆದಿಲ್ಲ.”

“ಕುರಿ ಕೊಂಡವ್ರು ತಮ್ಮ ಗುರುತು ಕೊಯ್ತಾರಪ್ಪ. ಹಳೇದನ್ನ ಕೆಡಿಸಂಗಿಲ್ಲ.”

“ನಮ್ಮೋರು ಕೆಡಿಸ್ಯಾರ, ಅಜ್ಜಿ. ಅಲ್ಲಿ ಹುಡುಕಾಕ ಹೆಸರೇ ಬೇಕು.”

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ನಿಂತಿದ್ದರು. ಹೆಸರು ಹೇಳದಿದ್ದರೆ ನಮ್ಮವರ ಮುಖ ಉಳಿಯುವುದಿಲ್ಲ. ಬಾಯಿ ತೆರೆದೆ.

“ತಡಿಯಬೇ,” ಎಂದಳು ನಾಗರತ್ನ. “ಅಲ್ಲಿ ಬರೆದದ್ದೇ ಮನಿಯವ್ರು ಅಂತ. ಅದನ್ನ ಹುಡುಕಪ್ಪ.”

ಪ್ರಬುದ್ಧ ನಕ್ಕ. ಸ್ವಲ್ಪ ಹೊತ್ತಿಗೆ ನಗು ನಿಂತಿತು. “ಮನಿಯವ್ರು ಅಂತ ಮೂರು ಫೋಟೊ ಅದಾವ. ಇದು ಹೆಸರಲ್ಲ ಅಂತ ಪ್ರೋಗ್ರಾಮ್ ಮೂರನ್ನೂ ಬದಿಗಿಟ್ಟೈತಿ.”

ಗುರುತು ಹಿಡಿಯಲೆಂದು ಮೂರನ್ನೂ ಕಳಿಸಿದ. ಒಬ್ಬರು ಸೈಕಲ್ ಹಿಡಿದು ನಿಂತವರು. ಇನ್ನೊಬ್ಬರ ತೊಡೆಯ ಮೇಲೆ ಕೂಸು. ಮೂರನೆಯದು ನಮ್ಮವರು, ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿದ್ದರು.

ನಾಗರತ್ನ ಪ್ರಿಂಟು ತೆಗೆಯುತ್ತಿದ್ದಳು. “ಉಳಿದ ಎರಡು ಫೋಟೊ ಕಳಿಸಿದ ಹೆಣ್ಮಕ್ಕಳು ಎಲ್ಲಿಯವ್ರಪ್ಪ?” ಎಂದು ಕೇಳಿದೆ.

“ಒಬ್ರು ಕೊಟ್ಟೂರು, ಒಬ್ರು ಹಡಗಲಿ ಕಡಿಯವ್ರು.”

“ಅವರೂ ಚೀಟಿ ಹಿಡಕೊಂಡು ಕುಂತಿರತಾರ. ಕಳಿಸಿಬಿಡು. ಹೆಸರು ಕೇಳಬ್ಯಾಡ.”

“ಇವತ್ತೇ ಕಳಿಸ್ತೀನ್ರಿ.”

ಹಂಪಸಾಗರದ ಬಸ್ಸಿನಲ್ಲಿ ಫೋಟೊವನ್ನು ಎದೆಯ ಕಡೆಗೆ ತಿರುಗಿಸಿ ಹಿಡಿದುಕೊಂಡೆ. ಅಂಗಡಿಯಲ್ಲಿ ನಾಲಿಗೆಯ ತುದಿಗೆ ಬಂದಿದ್ದ ಹೆಸರು ಇನ್ನೂ ಒಳಗೆ ಹೋಗಿರಲಿಲ್ಲ. ಮನೆಗೆ ಬಂದು, ತೇವವಿಲ್ಲದ ಗೋಡೆಗೆ ಫೋಟೊ ತೂಗುಹಾಕಿ, ಬಾಗಿಲು ಮುಂದೆ ಮಾಡಿದೆ. ಒಮ್ಮೆ ಮೆಲ್ಲಗೆ ಕರೆದೆ.

ಆಮೇಲೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಒಲೆ ಹಚ್ಚಿದೆ.