ಜೊತೆ ಪುಸ್ತಕ

ಮೈದುನನ ಕೈಯಲ್ಲಿದ್ದ ಕಬ್ಬಿಣದ ರಾಡನ್ನು ಅವಳು ಎರಡೂ ಕೈ ಹಾಕಿ ಎಳೆಯುತ್ತಿದ್ದಳು. ನಡುಮನೆಯಲ್ಲಿ ಗಂಡನ ಹೆಣ ಮಲಗಿತ್ತು. ಅಡುಗೆಮನೆಯಲ್ಲಿ ಇವರ ಜಗ್ಗಾಟ.

“ಬಿಡಿ ಅತ್ತಿಗೆ. ಆ ಸಾಮಿಲ್ ಯಜಮಾನನ ಮಗ ಎಲ್ಲಿ ಅಡಗಿದ್ರೂ ಇವತ್ತೇ ಮುಗಿಸಿಬಿಡ್ತೀನಿ. ಅಣ್ಣನ ತಲೆ ಒಡೆದ ಹಾಗೇ ಒಡೀತೀನಿ.”

“ಮೊದಲು ಅಣ್ಣನ್ನ ಮಣ್ಣು ಮಾಡೋ. ಆಮೇಲೆ ನಿನ್ನ ಪೌರುಷ ತೋರಿಸುವಂತೆ.”

ಗ್ಯಾರೇಜಿನಲ್ಲಿ ಪಳಗಿದ ಕೈ ಅವನದು. ಅವಳಿಂದ ಎಲ್ಲಿ ಬಿಡಿಸಲಾದೀತು! ಇವನೂ ಕೊಲೆ ಮಾಡಿ ಜೈಲಿಗೆ ಹೋದರೆ ಮನೆಯಲ್ಲಿ ಇನ್ನೊಂದು ಸಾವಾದಂತೆಯೇ. ಅದನ್ನು ತಡೆಯುವ ಮಾತೊಂದು ಅವಳ ಬಳಿ ಇತ್ತು. ನಿನ್ನೆಯಿಂದ ಅದನ್ನು ಯಾರಿಗೂ ಹೇಳಿರಲಿಲ್ಲ.

ನಡುಮನೆಯಲ್ಲಿ ಬಂದವರು ಮಾತಾಡಿಕೊಳ್ಳುತ್ತಿದ್ದರು.

“ಮಹಾ ತಲೆತಿನ್ನೋ ಲೈಬ್ರರಿಯನ್ ಕಣ್ರೀ. ಒಂದು ಪುಸ್ತಕ ಕೇಳಿದ್ರೆ ಎರಡು ಕಟ್ಟಿ ಕೊಡೋರು,” ಅಂದ ನೆರೆಮನೆಯ ದರ್ಜಿ. “ರಾಜನ ಚರಿತ್ರೆ ಕೇಳಿದ್ರೆ, ಅವನ ಕೈಲಿ ಸೋತೋರ ಚರಿತ್ರೆನೂ ಜೊತೆಗೆ. ನಾನು ಬೇಟೆ ಪುಸ್ತಕ ಕೇಳಿದ್ದಕ್ಕೆ ತೋಳದ ಸಂಸಾರದ್ದೊಂದು ಗಂಟುಹಾಕಿದ್ರು. ಕೊನೆಗೆ ತೋಳದ ಕಡೆ ವಕೀಲ ಆಗಿಬಿಟ್ಟೆ!”

ಸಾವಿನ ಮನೆ ಅನ್ನುವುದನ್ನೂ ಮರೆತು ಇಬ್ಬರು ನಕ್ಕರು.

*

ತಾನು ಓದದ ಪುಸ್ತಕವನ್ನು ಅವಳ ಗಂಡ ಯಾರಿಗೂ ಕೊಟ್ಟವನಲ್ಲ. ಹೋದ ವಾರ ಮಾತ್ರ ಕಣ್ಣಿನ ಆಪರೇಷನ್ ಆಗಿತ್ತು. ಊರಿನಲ್ಲಿ ಮೂವತ್ತು ವರ್ಷದ ಹಿಂದೆ ನಡೆದ ದಂಗೆಯ ಬಗ್ಗೆ ಹೊಸದೊಂದು ಪುಸ್ತಕ ಬಂದಾಗ, “ನೀನೇ ಓದಿ ಹೇಳೇ” ಅಂತ ಹೆಂಡತಿಯ ಕೈಗಿಟ್ಟ. ಮುಕ್ಕಾಲು ಓದಿ, ಹಾಲು ಉಕ್ಕಿತೆಂದು ಎದ್ದವಳು ಮತ್ತೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಅವನು ಕೇಳಿದಾಗ, “ಚೆನ್ನಾಗಿದೆ, ಧಾರಾಳವಾಗಿ ಕೊಡಿ” ಅಂದುಬಿಟ್ಟಳು.

ಅವಳು ಓದದೆ ಬಿಟ್ಟ ಕೊನೆಯ ಪುಟಗಳಲ್ಲಿ, ನೇಕಾರರ ಬೀದಿಯ ಮನೆಗಳಿಗೆ ಹೊರಗಿನಿಂದ ಚಿಲಕ ಹಾಕಿ ಬೆಂಕಿಯಿಟ್ಟವರ ಪಟ್ಟಿ ಇತ್ತು. ಮೊದಲ ಹೆಸರೇ ಸಾಮಿಲ್ ಯಜಮಾನನದು. ಆ ದಂಗೆಯ ಕಾಲದ ನಾಯಕನೊಬ್ಬನ ಜೀವನಚರಿತ್ರೆ ಕೇಳಿಕೊಂಡು ಬಂದ ಯಜಮಾನನ ಮಗನಿಗೆ ಗಂಡ ಇದನ್ನೇ ಜೊತೆಮಾಡಿ ದಾರ ಕಟ್ಟಿದ.

ಎರಡು ದಿನ ಬಿಟ್ಟು ಅವಳು ಊಟದ ಡಬ್ಬಿ ಹಿಡಿದು ಲೈಬ್ರರಿಯ ಹೊಸಿಲು ದಾಟುತ್ತಿದ್ದಳು. ಯಜಮಾನನ ಮಗನ ಕೈಯಲ್ಲಿದ್ದ, ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಗಂಡನ ತಲೆಯ ಮೇಲೆ ಇಳಿಯಿತು.

“ನಮ್ಮಪ್ಪ ಕೊಲೆಗಾರನೇನೋ? ಹೇಳೋ!”

ಪಾಪ, ಗಂಡನಿಗೇನು ಗೊತ್ತು. “ಏನಪ್ಪಾ, ಅಂಥದ್ದೇನಿದೆ ಅದರಲ್ಲಿ?” ಅಂತ ಕೇಳುತ್ತಲೇ ಎರಡನೆಯ ಏಟು ತಿಂದ. ಮೂರನೆಯದಕ್ಕೆ ಮೂಳೆ ಒಡೆದ ಸದ್ದು ಬಾಗಿಲವರೆಗೂ ಕೇಳಿಸಿತು.

*

ಹೆಣ ಎತ್ತುವ ಹೊತ್ತಿಗೆ ಬಾಗಿಲಲ್ಲಿದ್ದ ಜನ ಸರಿದು ದಾರಿ ಬಿಟ್ಟರು. ಸಾಮಿಲ್ ಯಜಮಾನ ಒಬ್ಬನೇ ಬಂದಿದ್ದ.

“ಮಗನ್ನ ನಾನೇ ಪೊಲೀಸಿಗೆ ಒಪ್ಪಿಸಿ ಬಂದೆ ತಾಯಿ. ಪುಸ್ತಕದಲ್ಲಿರೋದು ನಿಜ. ಮನೇಲಿ ಮಾತ್ರ ಸುಳ್ಳು ಹೇಳ್ಕೊಂಡು ಬಂದಿದ್ದೆ.”

ಮಾತು ಮುಗಿದಿತ್ತೋ ಇಲ್ಲವೋ, ಇನ್ನೂ ಕೈಯಲ್ಲೇ ಹಿಡಿದಿದ್ದ ರಾಡನ್ನು ಮೈದುನ ಬೀಸಿದ. ತಡೆಯಲು ಎತ್ತಿದ ಮುದುಕನ ಎರಡೂ ಅಂಗೈ ಸೀಳಿ ನೆತ್ತರು ಚಿಮ್ಮಿತು. ಇನ್ನೊಂದು ಏಟು ಬೀಳುವ ಮುಂಚೆ ಅವಳು ಅಡ್ಡ ನುಗ್ಗಿದಳು.

“ನನ್ನ ಹೊಡಿಯೋ! ಆ ಪುಸ್ತಕ ಕೊಡಿ ಅಂದೋಳು ನಾನು. ಪೂರ್ತಿ ಓದದೇನೇ ಅಂದೆ. ನಿಮ್ಮಣ್ಣ ನನ್ನ ಮಾತು ನಂಬಿ ಸತ್ರು. ಹೊಡಿ, ಯಾಕೆ ನಿಂತೆ?”

ಮೈದುನ ಅವಳನ್ನೇ ದಿಟ್ಟಿಸಿದ. ಎತ್ತಿದ ಕೈಯನ್ನು ಏನು ಮಾಡುವುದೆಂದು ತೋಚದೆ, ಕಿರುಚುತ್ತ ಗೋಡೆಯ ಕಪಾಟಿಗೆ ಬೀಸಿದ. ಹಲಗೆ ಮುರಿದು ಪುಸ್ತಕಗಳು ಹೆಣದ ಮೇಲೆ ಸುರಿದವು. ರಾಡು ಕೈಬಿಟ್ಟು ಅಣ್ಣನ ಕಾಲ ಬಳಿ ಕುಸಿದ. ಬಿಕ್ಕಿ ಬಿಕ್ಕಿ ಅತ್ತ.

ಯಾರೂ ಮುಂದೆ ಬರಲಿಲ್ಲ. ಮುದುಕನೇ ಮೊಣಕಾಲೂರಿ, ಸತ್ತವನ ಮುಖದ ಮೇಲೆ ಬಿದ್ದಿದ್ದ ಪುಸ್ತಕವನ್ನು ಎರಡು ಮೊಣಕೈಗಳ ನಡುವೆ ಎತ್ತಿಕೊಂಡ. ರಕ್ತ ಪುಟಕ್ಕೆ ತಾಗದಂತೆ ಅಂಗೈಗಳನ್ನು ಆಚೆಗೆ ಚಾಚಿ, ಎಲ್ಲಿಡಲಿ ಎಂಬಂತೆ ಅವಳ ಮುಖ ನೋಡುತ್ತ ಎದ್ದು ನಿಂತ.