ರಾಚಪ್ಪಗೌಡರ ರಿವಾಲ್ವರಿನ ಗಿಲೀಟು

ದೇವಣಗಾಂವದ ರಾಚಪ್ಪಗೌಡರು ತೀರಿಕೊಂಡ ಮರುವರ್ಷ, ಅಂದರೆ ಎಪ್ಪತ್ನಾಲ್ಕರಲ್ಲಿ, ಅವರ ರಿವಾಲ್ವರಿನ ಲೈಸೆನ್ಸು ಮಗ ಬಸಂತರಾಯನ ಹೆಸರಿಗೆ ಬಂತು. ಬಂದದ್ದೇ ತಡ, ಅದಕ್ಕೆ ಹೊಸ ಗಿಲೀಟು ಹಾಕಿಸಬೇಕೆಂದು ಅವನು ಹಟ ಹಿಡಿದ. ಒಂದು ಕಾಲಕ್ಕೆ ಬೆಳ್ಳಿಯಂತೆ ಹೊಳೆಯುತ್ತಿದ್ದ ನಿಕಲ್ ಸವೆದು, ನಳಿಗೆಯ ಮೇಲಂತೂ ಒಳಗಿನ ಕಬ್ಬಿಣ ಕಾಣುತ್ತಿತ್ತು, ತುಕ್ಕೂ ಹಿಡಿಯತೊಡಗಿತ್ತು. ಮಹಾನವಮಿಯ ಆಯುಧ ಪೂಜೆಗೆ ಇನ್ನು ಇಪ್ಪತ್ತೇ ದಿನ.

ಆ ಸವಕಳಿಗೆ ಊರಲ್ಲೊಂದು ಕಥೆಯಿತ್ತು. ನಲವತ್ತೆಂಟರಲ್ಲಿ, ನಿಜಾಮನ ಗದ್ದಲದ ವರ್ಷ, ಭೀಮಾ ಹೊಳೆ ದಾಟಿ ದರೋಡೆಕೋರರು ಬರುತ್ತಾರೆಂಬ ಸುದ್ದಿ ಹಬ್ಬಿದಾಗ ಗೌಡರು ಬೆಳತನಕ ಬಾಗಿಲಲ್ಲಿ ರಿವಾಲ್ವರ್ ಹಿಡಿದು ಕೂತಿದ್ದರಂತೆ, ಆ ಹಿಡಿತಕ್ಕೇ ಗಿಲೀಟು ಕಿತ್ತು ಬಂತಂತೆ! ಕಡ್ಡಿಯನ್ನು ಗುಡ್ಡ ಮಾಡುವುದರಲ್ಲಿ ನಮ್ಮೂರವರನ್ನು ಮೀರಿಸುವವರುಂಟೇ? ಗೌಡರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ, ಮೀಸೆ ತಿರುವಿ ಸುಮ್ಮನಾದರು. ಬಸಂತರಾಯ ಆ ಕಥೆ ಕೇಳುತ್ತಲೇ ಬೆಳೆದ.

ನಿಜ ಗೊತ್ತಿದ್ದದ್ದು ತಾಯಿ ಹೊನ್ನವ್ವ ಒಬ್ಬಳಿಗೇ. ಗಿಲೀಟಿನವನು ಏನಾದರೂ ಕಂಡುಹಿಡಿದರೆ? ತೀರಿಹೋದ ಗಂಡ ಮಗನ ಕಣ್ಣಲ್ಲಿ ಸಣ್ಣವನಾಗಬಾರದು, ಅವಳಿಗೆ ಅಷ್ಟೇ ಬೇಕಿತ್ತು. ಕಣ್ಣಿನ ಔಷಧಿಯ ನೆವ ಹೇಳಿ ತಾನೂ ಮಗನ ಜೊತೆ ಸಿಂದಗಿ ಬಸ್ಸು ಹತ್ತಿದಳು.

ಸಿಂದಗಿಯ ಗಿಲೀಟಿನ ಅಂಗಡಿಯಲ್ಲಿ ಮಡಿವಾಳಪ್ಪ ಸೈಕಲ್ ಹ್ಯಾಂಡಲ್ ಬದಿಗಿಟ್ಟು ರಿವಾಲ್ವರನ್ನು ಕೈಗೆ ತೆಗೆದುಕೊಂಡ.

"ನಳಗಿ ಮ್ಯಾಲಿನ ಸವಕಳಿ ನಮ್ಮಪ್ಪನ ಕೈ ಗುರ್ತು. ಅದೊಂದು ಹಂಗ ಬಿಟ್ಟು ಉಳಿದದ್ದಕ್ಕ ಹಾಕ್ರಿ," ಎಂದ ಬಸಂತರಾಯ.

ಮಡಿವಾಳಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ ನಕ್ಕ. "ಗೌಡ್ರ, ಪಿಸ್ತೂಲ ಯಾರರ ನಳಗಿ ಹಿಡಿತಾರೇನ್ರಿ? ಇದು ಕೈಯಿಂದ ಸವದದ್ದಲ್ಲ. ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕ್ಯಾರ. ಸಂದ್ಯಾಗ ಬೂದಿ ಇನ್ನೂ ಐತಿ ನೋಡ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹೊನ್ನವ್ವ ತನ್ನೆರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿದಳು. ಮಗ ತಿರುಗಿ ನೋಡಿದ. ಆಳುಮಗಳ ಮೇಲೆ ಹೊರಿಸಿದ್ದರೆ ಮುಗಿದುಹೋಗುತ್ತಿತ್ತು, ಆದರೆ ಆ ಮುಖಕ್ಕೆ ಸುಳ್ಳು ಹೇಳಲು ಅವಳಿಗೆ ನಾಲಿಗೆ ಬರಲಿಲ್ಲ.

"ನಾನ ತಿಕ್ಕೇನಿ. ಮಹಾನವಮಿಗೊಮ್ಮಿ, ತಂಬಿಗಿ, ದೀಪದ ಸಮಯಿ ಜೋಡಿ. ಪೂಜಿಗಿ ಬೆಳಗಲಾರದ್ದು ಇಡಬಾರದಲ್ಲಪಾ."

"ಅಪ್ಪ ಏನೂ ಅನ್ನಲಿಲ್ಲೇನು?"

"ಅಂದ್ರು. ಹೊಳಿಯವಲ್ದು, ಇನ್ನೊಂದೀಟು ತಿಕ್ಕು ಅಂದ್ರು."

ಮಡಿವಾಳಪ್ಪ ನಗು ತಡೆಯಲು ಕೆಮ್ಮಿದ. ಬಸಂತರಾಯ ನಗಲಿಲ್ಲ.

"ಮತ್ತ ಗದ್ದಲದ ವರ್ಷ, ಆ ರಾತ್ರಿ?"

"ಇದು ಟ್ರಂಕಿನ್ಯಾಗ ಇತ್ತು. ಗಾಬರ್‍ಯಾಗ ಕೀಲಿಕೈ ಎಲ್ಲಿಟ್ಟೇವಂತ ಇಬ್ಬರಿಗೂ ನೆನಪಾಗಲಿಲ್ಲ."

"ಅಂದ್ರ ಅಪ್ಪನ ಕೈಯಾಗ ಏನಿತ್ತು?"

"ನನ್ನ ಕೈ." ಹೊನ್ನವ್ವ ಸೆರಗಿನೊಳಗಿಂದ ಕೈ ಹೊರತೆಗೆದಳು. "ಗಡಗಡ ನಡಗಾಕತ್ತಿದ್ರು. ನೀ ಹೊಟ್ಟ್ಯಾಗಿದ್ದಿ, ದಿನಾ ತುಂಬಿದ್ವು. ನೀವರ ಹಿತ್ತಲಿಂದ ಓಡಿ ಹೋಗ್ರಿ ಅಂತ ನಾನ ಅಂದೆ. ನಿನಗ ಓಡಾಕ ಆಗೂದಿಲ್ಲಲ್ಲ ಅಂದ್ರು. ಬೆಳತನಕ ಹೊಸ್ತಿಲ ಬಿಟ್ಟು ಏಳಲಿಲ್ಲ."

ಬಸಂತರಾಯ ಕಣ್ಣೊರೆಸಿಕೊಂಡು ಮಡಿವಾಳಪ್ಪನಿಗೆ, "ಪೂರಾ ಹಾಕ್ರಿ, ಏನೂ ಬಿಡಬ್ಯಾಡ್ರಿ," ಎಂದ. ಆಮೇಲೆ ಮರದ ಬಾಕಿನ ಮೇಲೆ ತಾಯಿಯ ಪಕ್ಕ ಬಂದು ಕೂತ.

"ಇಷ್ಟು ವರ್ಷ ಇದನ್ನ ಯಾಕ ಮುಚ್ಚಿಟ್ಟಿ ಯವ್ವಾ? ಊರಾಗ ಹೇಳೂ ಕಥಿಕಿಂತ ನಮ್ಮಪ್ಪ ದೊಡ್ಡಾಂವ ಇದ್ದ."

ಹೊನ್ನವ್ವ ಮಗನ ಕೈ ಹಿಡಿದು ಅತ್ತುಬಿಟ್ಟಳು. ಗಂಡ ತೀರಿಕೊಂಡ ದಿನವೂ ಅವಳು ಇಷ್ಟು ಅತ್ತಿರಲಿಲ್ಲ.