ಉಪ್ಪು ಹಾಕಿದ ಕೈ

ಮೂರು ವಾರ ಕಳೆದರೂ ಕ್ಯಾಮೆರಾದಲ್ಲಿ ಒಂದು ಜಿಂಕೆಯೂ ಬಂದಿರಲಿಲ್ಲ. ಕಾಡುಹಂದಿ ಬಂದಿತ್ತು, ನವಿಲು ಬಂದಿತ್ತು, ಪಕ್ಕದ ತೋಟದ ನಾಯಿ ಹನ್ನೊಂದು ಸಲ ಬಂದಿತ್ತು. ಚೆಲುವರಾಜು ತನ್ನ ಕಾಫಿ ತೋಟದ ತುದಿಯಲ್ಲಿ, ಪೊನ್ಕುಳಿಯ ಕಾಡು ಶುರುವಾಗುವ ಕಡೆ, ಅದನ್ನು ಮತ್ತಿ ಮರವೊಂದಕ್ಕೆ ಕಟ್ಟಿಸಿದ್ದ. ಎದುರಿಗೆ ಏನಾದರೂ ಅಲುಗಾಡಿದರೆ ತಾನಾಗಿಯೇ ಫೋಟೊ ತೆಗೆಯುವ ಪೆಟ್ಟಿಗೆ ಅದು. ಬೆಳಿಗ್ಗೆ ಅದರ ಕಾರ್ಡನ್ನು ತಂದು ಹೋಂಸ್ಟೇಯ ಟಿವಿಗೆ ಸಿಕ್ಕಿಸಿ, ತಿಂಡಿಗೆ ಪುಟ್ಟು ತಿನ್ನುತ್ತ ಕೂತ ಅತಿಥಿಗಳಿಗೆ ಜಿಂಕೆ ತೋರಿಸಬೇಕೆಂಬುದು ಅವನ ಆಸೆ. ನಾಯಿಯನ್ನು ಯಾರಿಗೆ ತೋರಿಸುವುದು?

"ನೀಲಿ, ನೀವು ಕಾಡೋರಲ್ವಾ? ಒಂದ್ ಜಿಂಕೆ ಕರಿ ನೋಡಾನ," ಎಂದ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳಿಗೆ.

"ಕರದ್ರೆ ಬರಕ್ಕೆ ಅದೇನು ಕೋಳಿಯಾ ಮೊದಲಾಳಿ?" ಎಂದಳು ನೀಲಿ ತನ್ನ ಧಣಿಗೆ.

"ಮತ್ತೇನ್ ಮಾಡ್ಬೇಕಮ್ಮಿ?"

"ಉಪ್ಪು ಕೊಡ್ಬೇಕು."

ನೀಲಿಯ ಹಿರಿಯರು ಕಾಡಿನೊಳಗಿದ್ದಾಗ ಒಲೆಯ ಬೂದಿ, ಗಂಜಿ ಬಸಿದ ನೀರು ಎಲ್ಲವನ್ನೂ ಒಂದೇ ಕಡೆ ಸುರಿಯುತ್ತಿದ್ದರು. ಅವರು ಜಾಗ ಬಿಟ್ಟು ಹೋದ ಮೇಲೂ ಜಿಂಕೆಗಳು ಆ ಮಣ್ಣನ್ನು ನೆಕ್ಕಲು ಬರುತ್ತಿದ್ದವು. ಅಲ್ಲಿ ಯಾರೂ ಯಾವ ಜೀವದ ಮೇಲೂ ಕೈ ಎತ್ತುತ್ತಿರಲಿಲ್ಲ. ಹೊಸದಾಗಿ ಉಪ್ಪುಮಣ್ಣು ಮಾಡಿದರೆ ಆ ಕಡೆ ಓಡಾಡುವವರೆಲ್ಲ ಅದಕ್ಕೆ ಒಂದೊಂದು ಹಿಡಿ ಉಪ್ಪು ಹಾಕಬೇಕು. ಹಾಕಿದ ಕೈ ಅಲ್ಲಿ ಹೊಡೆಯುವುದಿಲ್ಲ.

ನೀಲಿ ಹುತ್ತದ ಮಣ್ಣು ತಂದು, ಬೂದಿ ಬೆರೆಸಿ, ಗಂಜಿನೀರಿನಲ್ಲಿ ಕಲಸಿ, ಕ್ಯಾಮೆರಾದ ಎದುರು ಅಗೆದ ಕುಳಿಗೆ ತುಂಬಿದಳು. ಅವಳ ಏಳು ವರ್ಷದ ಮಗಳು ಜಾನು ಒಂದು ಹಿಡಿ ಕಲ್ಲುಪ್ಪು ಹಾಕಿದಳು. ನೀಲಿಯೂ ಹಾಕಿ, ಉಪ್ಪಿನ ಚೀಲವನ್ನು ಚೆಲುವರಾಜುವಿನ ಮುಂದೆ ಹಿಡಿದಳು.

"ಏನಿದು, ಆಣೆ ಇಡಿಸ್ಕತಿದ್ದೀಯಾ?"

"ಆಣೆ ಅಲ್ಲ. ಉಪ್ಪು ಹಾಕ್ದೋರು ಇಲ್ಲಿ ಕೈ ಎತ್ತಬಾರ್ದು. ಅಷ್ಟೇ."

ಅವನು ನಕ್ಕು ಒಂದು ಹಿಡಿ ಹಾಕಿ, ಕೈಯನ್ನು ಲುಂಗಿಗೆ ಒರೆಸಿಕೊಂಡ. ನೀಲಿಗೆ ಅಷ್ಟು ಸಾಕಾಯಿತು.

ಒಂಬತ್ತನೆಯ ದಿನ ಟಿವಿಯಲ್ಲಿ ಒಂದು ಹೆಣ್ಣು ಜಿಂಕೆ, ಅದರ ಹೊಟ್ಟೆಗೆ ಒತ್ತಿಕೊಂಡು ಒಂದು ಮರಿ. ಅತಿಥಿಗಳು ಚಪ್ಪಾಳೆ ತಟ್ಟಿದರು. ತಾಯಿಯ ಎಡಗಿವಿ ಸೀಳಿತ್ತು. ಜಾನು ಅದಕ್ಕೆ ಹರಕಿವಿ ಎಂದು ಹೆಸರಿಟ್ಟಳು.

ಪ್ರತಿ ಸಂಜೆ ಕೆಲಸ ಮುಗಿಸಿ ತಾಯಿ ಮಗಳು ಕುಳಿಗೆ ಉಪ್ಪು ಹಾಕಲು ಹೋಗುತ್ತಿದ್ದರು. ಕ್ಯಾಮೆರಾ ಅವರನ್ನೂ ಹಿಡಿಯುತ್ತಿತ್ತು. ಚೆಲುವರಾಜು ಬೆಳಿಗ್ಗೆ ಮೊದಲು ಅವನ್ನು ಅಳಿಸುತ್ತಿದ್ದ. "ನೀನು ಕಾಣಬಾರ್ದು ಕಣಮ್ಮಿ. ಜಿಂಕೆ ತಾನಾಗೇ ಬಂದಂಗಿರ್ಬೇಕು." ತಿಂಗಳಾಗುವಷ್ಟರಲ್ಲಿ ಮರಿ ಎಷ್ಟು ಸಲಿಗೆಯಾಯಿತೆಂದರೆ, ಕುಳಿಯನ್ನು ಬಿಟ್ಟು ನೀಲಿಯ ಅಂಗೈಯನ್ನೇ ನೆಕ್ಕುತ್ತಿತ್ತು. ಹರಕಿವಿ ದೂರದಲ್ಲಿ ಕಾಲು ಬದಲಿಸುತ್ತ ನೋಡುತ್ತಿತ್ತು.

"ಅವ್ವೆ, ಇವನ್ನ ಯಾರಾದ್ರೂ ಹೊಡಿತಾರಾ?"

"ಇಲ್ಲಿ ಹೊಡಿಯಲ್ಲ. ಮೊದಲಾಳಿನೂ ಉಪ್ಪು ಹಾಕವ್ರೆ."

ಒಂದು ಶನಿವಾರ ಚೆಲುವರಾಜುವಿನ ಗೆಳೆಯ ಭಾಸ್ಕರನ್ ಕೇಣಿಚಿರ ಪೇಟೆಯಿಂದ ಬಂದ. ಅಲ್ಲಿ ಅವನಿಗೆ ಕರಿಮೆಣಸಿನ ವ್ಯಾಪಾರ. ಜೀಪಿನ ಸೀಟಿನ ಹಿಂದೆ ಗೋಣಿಯಲ್ಲಿ ಸುತ್ತಿದ ಕೋವಿ. ಭಾನುವಾರ ಬೆಳಿಗ್ಗೆ ನೀಲಿ ಕೆಲಸಕ್ಕೆ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ಬಾಳೆ ಎಲೆಯ ತುಂಬ ಮಾಂಸವಿತ್ತು.

"ಆಡು," ಎಂದ ಚೆಲುವರಾಜು.

ಕಟ್ಟೆಯ ಕೆಳಗಿನ ಬಕೆಟ್ಟನ್ನು ಸರಿಸಲು ನೀಲಿ ಬಗ್ಗಿದಳು. ಒಳಗೆ ತಲೆಯಿತ್ತು. ಎಡಗಿವಿ ಸೀಳಿತ್ತು.

ಅವಳು ಬಕೆಟ್ಟನ್ನು ಹಾಗೇ ಬಿಟ್ಟು ಎದ್ದಳು. "ಮೊದಲಾಳಿ, ನೀವು ಉಪ್ಪು ಹಾಕಿದ್ರಲ್ಲ."

"ಹಾಕಿದ್ದೆ. ಅದ್ಕೇ ನಾನು ಕೈ ಎತ್ತಲಿಲ್ಲ. ಹೊಡ್ದೋನು ಭಾಸ್ಕರನ್. ಅವನೆಲ್ಲಿ ಹಾಕಿದ್ದ ಉಪ್ಪು?"

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಭಾಸ್ಕರನ್ ನಕ್ಕ ರಭಸಕ್ಕೆ ಅದು ಮೂಗಿಗೆ ಹತ್ತಿತು. ಕೆಮ್ಮಿ, ಕಣ್ಣೊರೆಸಿಕೊಂಡು, "ನಾನು ಉಪ್ಪು ಹಾಕೋದು ಸಾರಿಗೆ ಮಾತ್ರ, ಚೇಚಿ. ಮೆಣಸು ಜಾಸ್ತಿ ಇರಲಿ ಆಯ್ತಾ," ಎಂದ.

ನೀಲಿ ಮಾಂಸ ತೊಳೆದಳು. ಮಸಾಲೆ ಅರೆದಳು. ಬೇಯಿಸಿದಳು. ಮಧ್ಯಾಹ್ನ ಹಿತ್ತಲಲ್ಲಿ ಆಡುತ್ತಿದ್ದ ಜಾನುವನ್ನು ಚೆಲುವರಾಜುವೇ ಕರೆದು, ಎಲೆ ಹಾಕಿ ಕೂರಿಸಿ, ಬಡಿಸಲು ನೀಲಿಗೆ ಹೇಳಿದ. ಬೆಳಿಗ್ಗೆಯಿಂದ ಬರೀ ಹಾಲಿಲ್ಲದ ಚಹಾ ಕುಡಿದಿದ್ದ ಮಗು ಗಬಗಬನೆ ತಿಂದಿತು.

"ಅವ್ವೆ, ಎಷ್ಟು ಮೆತ್ತಗದೆ! ಏನಿದು?"

ಭಾಸ್ಕರನ್ ತುಟಿ ಕಚ್ಚಿ ನಗು ತಡೆದುಕೊಂಡು ನೀಲಿಯ ಮುಖವನ್ನೇ ನೋಡುತ್ತಿದ್ದ.

"ಆಡು," ಎಂದಳು ನೀಲಿ. ಮಗಳು ಇನ್ನೂ ಬೇಕೆಂದಾಗ ಇನ್ನೊಂದು ಸೌಟು ಬಡಿಸಿದಳು.

"ಮರಿದು ಇದಕ್ಕಿಂತ ಮೆತ್ತಗಿರ್ತದೆ," ಎಂದ ಭಾಸ್ಕರನ್ ಕೈ ತೊಳೆಯುತ್ತ, ಜಾನು ಹೊರಗೆ ಹೋದ ಮೇಲೆ. "ಮುಂದಿನ ಶನಿವಾರ ಬರ್ತೀನಿ. ಉಪ್ಪು ನಿಲ್ಲಿಸ್ಬೇಡಿ."

ಅಂದು ಸಂಜೆ ಮಗಳನ್ನು ಮನೆಯಲ್ಲಿ ಬಿಟ್ಟು ಬಂದು ನೀಲಿ ಕುಳಿಯ ಮಣ್ಣನ್ನೆಲ್ಲ ಅಗೆದು ಹಳ್ಳಕ್ಕೆ ಚೆಲ್ಲಿದಳು. ಮರುದಿನ ಹೋಗಿ ನೋಡಿದರೆ ಮರಿ ಬರಿಯ ಕುಳಿಯನ್ನು ನೆಕ್ಕುತ್ತ ನಿಂತಿತ್ತು. ಅವಳನ್ನು ಕಂಡದ್ದೇ ಓಡಿ ಬಂದು ಅಂಗೈ ಹುಡುಕಿತು.

"ಹೋಗು. ಹೋಗೇ ಕೂಸೆ."

ಅದು ಹೋಗಲಿಲ್ಲ. ಅವಳು ಕಿರುಚಿದಳು, ಸೊಪ್ಪು ಬೀಸಿದಳು. ಅದಕ್ಕೆ ಅದು ಆಟವಾಯಿತು. ಶನಿವಾರಕ್ಕೆ ಐದೇ ದಿನವಿತ್ತು. ಮನುಷ್ಯರನ್ನು ಕಂಡರೆ ಓಡಬೇಕೆಂದು ಹೇಳಿಕೊಡಬೇಕಾದ ತಾಯಿ ಬಕೆಟ್ಟಿಗೆ ಸೇರಿತ್ತು.

ನೀಲಿ ಒಂದು ಕಲ್ಲನ್ನು ಎತ್ತಿಕೊಂಡಳು. ಉಪ್ಪು ಹಾಕಿದ ಕೈ ಅದು. ಮೊದಲ ಕಲ್ಲು ಪಕ್ಕದಲ್ಲಿ ಬಿತ್ತು. ಅವಳ ಬೆವರಿನ ಉಪ್ಪು ಹತ್ತಿದ್ದ ಆ ಕಲ್ಲನ್ನೂ ಮರಿ ಹೋಗಿ ಮೂಸಿತು. ಎರಡನೆಯದು ಪಕ್ಕೆಗೆ ಬಡಿಯಿತು. ಅದು ಹಾರಿ, ಐದು ಹೆಜ್ಜೆ ಆಚೆ ನಿಂತು, ತಪ್ಪು ಯಾರದೆಂದು ತಿಳಿಯದೆ ತಿರುಗಿ ನೋಡಿತು. ಮೂರನೆಯದು ಮುಂಗಾಲಿಗೆ ತಗುಲಿದಾಗ ಕೂಗಿಕೊಂಡಿತು. ಕುಂಟುತ್ತ ಓಡಿ ಬಿದಿರು ಮೆಳೆಯ ಬಳಿ ಮತ್ತೆ ನಿಂತಿತು. ಅದು ನಿಲ್ಲುವುದನ್ನು ಬಿಡುವವರೆಗೂ ನೀಲಿ ಎಸೆದಳು.

ಶನಿವಾರ ಬೆಳಗಿನ ಜಾವದಿಂದ ಭಾಸ್ಕರನ್ ಕೋವಿ ಹಿಡಿದು ಕೂತದ್ದೇ ಬಂತು. ಭಾನುವಾರ ತಿಂಡಿಯ ಹೊತ್ತಿಗೆ ಕೋಳಿಕ್ಕೋಡಿನಿಂದ ಬಂದಿದ್ದ ಅತಿಥಿ ಹೆಂಗಸೊಬ್ಬಳು ಜಿಂಕೆ ಎಲ್ಲಿ ಎಂದು ಕೇಳಿದಳು.

"ಯಾಕೆ ಬರ್ತಿಲ್ಲ ಅಂತ ತೋರಿಸ್ತೀನಿ," ಎಂದ ಚೆಲುವರಾಜು. ಸೋಮವಾರದ ಫೋಟೊಗಳನ್ನು ಅವನು ಅಳಿಸಿರಲಿಲ್ಲ.

ಟಿವಿಯಲ್ಲಿ ನೀಲಿ ಕೈ ಎತ್ತಿ ನಿಂತಿದ್ದಳು. ಮುಂದಿನದರಲ್ಲಿ ಕಲ್ಲು ಗಾಳಿಯಲ್ಲಿತ್ತು. ಅದರ ಮುಂದಿನದರಲ್ಲಿ ಮರಿಯ ಮುಂಗಾಲು ಮಡಚಿತ್ತು. ಹೆಂಗಸು ತನ್ನ ಮಗುವಿನ ಕಣ್ಣು ಮುಚ್ಚಿದಳು.

"ಅಯ್ಯೋ, ಪಾವಂ!" ಭಾಸ್ಕರನ್ ಕೈಯಲ್ಲಿದ್ದ ಪುಟ್ಟನ್ನು ತಟ್ಟೆಗೆ ಹಾಕಿದ. "ಅಷ್ಟು ಚಿಕ್ಕ ಕೂಸಿಗೆ! ಇವಳಿಗೆ ಮಕ್ಕಳಿಲ್ವಾ?"

ನೀರಿನ ಜಗ್ಗು ಹಿಡಿದು ಜಾನು ಬಾಗಿಲಲ್ಲಿ ನಿಂತಿದ್ದಳು.

"ನಾಳೆಯಿಂದ ನೀನು ಕೆಲ್ಸಕ್ಕೆ ಬರ್ಬೇಡ," ಎಂದ ಚೆಲುವರಾಜು, ಬಡಿಸುತ್ತಿದ್ದ ನೀಲಿಗೆ. "ಏನಾದ್ರೂ ಹೇಳೋದಿದ್ರೆ ಇವರೆಲ್ಲರ ಮುಂದೆ ಹೇಳು."

ಹೇಳಲು ಒಂದೇ ಮಾತು ಬೇಕಿತ್ತು. ಆ ಮಾತಿನೊಳಗೆ ಬಕೆಟ್ಟಿತ್ತು, ಸೀಳಿದ ಕಿವಿಯಿತ್ತು, ಮಗಳ ಎಲೆಗೆ ಬಡಿಸಿದ ಎರಡನೆಯ ಸೌಟಿತ್ತು. ನೀಲಿ ಸೆರಗಿಗೆ ಕೈ ಒರೆಸಿಕೊಂಡು ಜಾನುವಿನ ಕೈಯಿಂದ ಜಗ್ಗು ತೆಗೆದು ಮೇಜಿನ ಮೇಲಿಟ್ಟಳು.

ತೋಟದ ದಾರಿಯಲ್ಲಿ ಜಾನು ಹಿಂದೆಯೇ ಉಳಿದಳು.

"ಅವ್ವೆ, ನೀನು ಉಪ್ಪು ಹಾಕಿದ್ದೆ ಅಲ್ವಾ?"

"ಹೂಂ."

"ಮತ್ತೆ ಹರಕಿವಿನೂ ನೀನೇ ಓಡಿಸಿದ್ಯಾ?"

ನೀಲಿ ಬಿದಿರು ಮೆಳೆಯ ಕಡೆ ನೋಡಿದಳು. ಅಲ್ಲಿ ಏನೂ ಅಲುಗಾಡಲಿಲ್ಲ.

"ಹೂಂ. ನಾನೇ," ಎಂದು ಕೈ ಚಾಚಿದಳು. ಜಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ದಾರಿಯ ಆಚೆ ಅಂಚಿಗೆ ಸರಿದು ನಡೆದಳು.